ಕೆಂಪು ಕಾರಿನ ಕಾಯಿಲೆ

ಗೋವೆ ಬಿಡುಗಡೆಯಾದ ಮರುವರ್ಷ ಕುಮಟೆಯ ಅಡಿಕೆ ದಲಾಲಿ ಶಾಂತಾರಾಮ ಹೆಗಡೆಯವರು ವ್ಯಾಪಾರದ ಮೇಲೆ ಮುಂಬಯಿಗೆ ಹೋದವರು ಬರುವಾಗ ಒಂದು ಕಾರು ತಂದರು. ಊರಿನಲ್ಲಿ ಅದಕ್ಕೆ ಮೊದಲು ಕಾರುಗಳೇ ಇರಲಿಲ್ಲವೆಂದಲ್ಲ. ಡಾಕ್ಟರರದೊಂದಿತ್ತು, ಜವಳಿ ಅಂಗಡಿಯವರದೊಂದಿತ್ತು. ಅವೆಲ್ಲ ಎಮ್ಮೆಯ ಹಾಗೆ ಕಪ್ಪಗೆ, ದುಂಡಗೆ ಇದ್ದು, ಬಾಣಂತಿಯನ್ನೂ ಬಾಳೆಗೊನೆಯನ್ನೂ ಬೇಸರವಿಲ್ಲದೆ ಹೊರುವಂಥವು. ಹೆಗಡೆಯವರು ತಂದದ್ದು ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸುವ, ತಲೆಯ ಮೇಲೆ ಮಡಚುವ ಬಟ್ಟೆಯ ಮಾಡಿನ ವಿಲಾಯತಿ ಓಟದ ಕಾರು. ಬಣ್ಣ ದಾಸವಾಳದ್ದು. ಯಾವುದೋ ಸಂಸ್ಥಾನದ ರಾಜಕುಮಾರ ಅದನ್ನು ರೇಸಿನಲ್ಲಿ ಓಡಿಸಿದ್ದನೆಂದೂ, ಗಂಟೆಗೆ ನೂರು ಮೈಲು ಹೋಗುತ್ತದೆಂದೂ ಹೆಗಡೆಯವರು ಮಂಡಿಗೆ ಬಂದವರಿಗೆಲ್ಲ ಹೇಳಿದರು. ಅಡಿಕೆ ಮಾರಲು ಬಂದವರು ದರ ಇಳಿದೀತೆಂಬ ಹೆದರಿಕೆಗೆ ಹೌದು ಹೌದೆಂದರು.

ನೂರು ಮೈಲು ವೇಗದಲ್ಲಿ ಹೋಗುವುದಾದರೂ ಎಲ್ಲಿಗೆ? ಉತ್ತರಕ್ಕೆ ಹೊರಟರೆ ಅಘನಾಶಿನಿ, ದಕ್ಷಿಣಕ್ಕೆ ಹೊರಟರೆ ಹೊನ್ನಾವರದಲ್ಲಿ ಶರಾವತಿ. ಹೊಳೆ ದಾಟಿಸುವ ಜಂಗಲು, ಎಂದರೆ ಎರಡು ದೊಡ್ಡ ದೋಣಿಗಳ ಮೇಲೆ ಹಲಗೆ ಹಾಸಿ ಕಟ್ಟಿದ ತೇಲುವ ಜಗಲಿ, ಆಚೆ ದಡದಲ್ಲಿದ್ದರೆ ರಾಜಕುಮಾರನ ಕಾರೂ ಎತ್ತಿನ ಗಾಡಿಯ ಹಿಂದೆಯೇ ನಿಂತು ಸಗಣಿಯ ವಾಸನೆ ಕುಡಿಯಬೇಕು. ಇದನ್ನು ಹೆಗಡೆಯವರ ಎದುರು ಹೇಳುವ ಎದೆಗಾರಿಕೆ ಇದ್ದದ್ದು ಅವರ ಹೆಂಡತಿ ನರ್ಮದೆಗೆ ಮಾತ್ರ. ಅವಳು ಹೇಳಿದಳು. ಹೆಂಗಸರಿಗೆ ವೇಗದ ಮರ್ಮ ತಿಳಿಯುವುದಿಲ್ಲವೆಂದು ಹೆಗಡೆಯವರು ಉತ್ತರ ಕೊಟ್ಟರು.

ಕಾರು ಹೊನ್ನಾವರದ ಬಂದರಿನ ದಾರಿಯಲ್ಲಿ ಮೊದಲ ಸಲ ಕೆಟ್ಟು ನಿಂತಾಗ ನಾಗಪತಿ ಭಟ್ಟ ತನ್ನ ಅಂಗಡಿಯ ಬಾಗಿಲಲ್ಲಿ ನಿಂತು ಬೀಡಾ ಜಗಿಯುತ್ತಿದ್ದ. ಅವನದು ರೇಡಿಯೋ ರಿಪೇರಿಯ ಅಂಗಡಿ. ಆದರೆ ಬೋರ್ಡಿನ ಮೇಲೆ ‘ರೇಡಿಯೋ ಚಿಕಿತ್ಸಾಲಯ’ ಎಂದು ಬರೆಸಿದ್ದ. ಮುಂಬಯಿಯಲ್ಲಿ ಸಂಜೆ ಕ್ಲಾಸಿಗೆ ಹೋಗಿ ಡಿಪ್ಲೊಮಾ ಮಾಡಿ ಬಂದವನು. ಕೆಲಸಕ್ಕೆ ಕೂರುವಾಗ ಬಿಳಿಯ ಕೋಟು ಹಾಕುತ್ತಿದ್ದ. ಗಿರಾಕಿ ರೇಡಿಯೋ ತಂದು ಮೇಜಿನ ಮೇಲಿಟ್ಟರೆ, ಎಷ್ಟು ದಿನದಿಂದ ಹೀಗಿದೆ, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ ಎಂದು ವೈದ್ಯರ ಹಾಗೆ ಕೇಳುತ್ತಿದ್ದ. ಎಲ್ಲಕ್ಕಿಂತ ಮಿಗಿಲಾಗಿ ಅವನ ಹತ್ತಿರ ಒಂದು ಮೀಟರಿತ್ತು. ಚರ್ಮದ ಪೆಟ್ಟಿಗೆಯೊಳಗಿನ ಆ ಮೀಟರು ವಿದ್ಯುತ್ತಿನ ಹರಿವನ್ನೂ ಅಡ್ಡಿಯನ್ನೂ ಮುಳ್ಳಿನಿಂದ ತೋರಿಸುತ್ತಿತ್ತು. ಭಟ್ಕಳದಿಂದ ಅಂಕೋಲೆಯವರೆಗೆ ಅಂಥದು ಇನ್ನೊಂದಿಲ್ಲವೆಂದು ಅವನೇ ಹೇಳುತ್ತಿದ್ದ. ಅಲ್ಲವೆನ್ನಲು ಬೇರೆಯವರಿಗೆ ಮೀಟರೆಂದರೆ ಏನೆಂದೇ ಗೊತ್ತಿರಲಿಲ್ಲ.

ಬಂದರಿನ ಹಮಾಲರು ಕಾರನ್ನು ದೂಡಿಕೊಂಡು ಬಂದು ಅವನ ಅಂಗಡಿಯ ಮುಂದೆಯೇ ನಿಲ್ಲಿಸಿದರು. ಹೆಗಡೆಯವರು ತಮ್ಮ ಹೊಟ್ಟೆಯನ್ನು ಸ್ಟೇರಿಂಗಿನಿಂದ ಬಿಡಿಸಿಕೊಂಡು, ಒಂದೊಂದೇ ಕಾಲು ಹೊರಗೆ ಹಾಕಿ, ಕೊನೆಗೆ ಬಾಗಿಲನ್ನು ಹಿಡಿದು ಮೇಲೆದ್ದರು. ಬೇನೆಯ ಲಕ್ಷಣಗಳನ್ನು ಹೇಳಿದರು. ನಿಂತಾಗ ದೀಪಗಳು ಸರಿಯಾಗಿ ಉರಿಯುತ್ತವೆ. ಓಡತೊಡಗಿದರೆ ಒಮ್ಮೆ ಕಣ್ಣು ಕುಕ್ಕುತ್ತವೆ, ಒಮ್ಮೆ ಹಣತೆಯಾಗುತ್ತವೆ. ಇಂಜಿನ್ ಬಿಸಿ ತೋರಿಸುವ ಮುಳ್ಳು ಕುಣಿಯುತ್ತದೆ. ರಸ್ತೆಯಲ್ಲಿ ಕುಳಿ ಬಂದರೆ ಇಂಜಿನ್ ಒಮ್ಮೆಲೇ ಸಾಯುತ್ತದೆ. ಮತ್ತೆ ಚಾಲೂ ಮಾಡಹೋದರೆ ಸ್ಟಾರ್ಟರು ಮುದುಕನ ಹಾಗೆ ನರಳುತ್ತದೆ.

ನಾಗಪತಿ ಬಿಳಿಯ ಕೋಟು ಹಾಕಿಕೊಂಡು ಬಂದ. ಅವನು ಕಾರಿನ ಇಂಜಿನನ್ನು ಹತ್ತಿರದಿಂದ ನೋಡುತ್ತಿದ್ದದ್ದು ಅದೇ ಮೊದಲು. ಆದರೆ ವಿದ್ಯುತ್ತು ರೇಡಿಯೋದಲ್ಲಿದ್ದರೂ ವಿದ್ಯುತ್ತೇ, ಕಾರಿನಲ್ಲಿದ್ದರೂ ವಿದ್ಯುತ್ತೇ ಎಂಬುದು ಅವನ ಸಿದ್ಧಾಂತ. ಬಾನೆಟ್ಟಿನೊಳಗೆ ಎಲ್ಲವೂ ಮದುಮಗಳ ಹಾಗೆ ಹೊಳೆಯುತ್ತಿತ್ತು. ಹೆಗಡೆಯವರು ಕಾರು ತಂದ ಕೂಡಲೇ ಬೆಳಗಾವಿಗೆ ಕಳಿಸಿ ಒಳಗೂ ಹೊರಗೂ ಹೊಸ ಬಣ್ಣ ಹೊಡೆಸಿದ್ದರು. ಜನ ನೋಡಲು ಬಂದಾಗ ಬಾನೆಟ್ಟು ಎತ್ತಿ ತೋರಿಸುವುದು ಅವರಿಗೆ ದೊಡ್ಡ ಸಂತೋಷ.

ಕಾರಿನ ಎಡಸೀಟಿನಲ್ಲಿ ನರ್ಮದೆ ಕೂತೇ ಇದ್ದಳು. ಅವಳು ಅಲ್ಲಿ ಕೂರುವುದು ಅಲಂಕಾರಕ್ಕಲ್ಲ. ತಣ್ಣಗಾದ ಇಂಜಿನ್ ಚಾಲೂ ಆಗಬೇಕಾದರೆ ಚೋಕು ಎಂಬ ತಂತಿಯ ಹಿಡಿಯನ್ನು ಎಳೆದು ಹಿಡಿದುಕೊಳ್ಳಬೇಕು. ಅದರ ಹಲ್ಲು ಸವೆದು, ಬಿಟ್ಟರೆ ಒಳಗೆ ಹೋಗುತ್ತಿತ್ತು. ಹೆಗಡೆಯವರ ಒಂದು ಕೈ ಸ್ಟಾರ್ಟರಿನ ಮೇಲೆ, ಇನ್ನೊಂದು ಗೌರವಕ್ಕಾಗಿ ಸ್ಟೇರಿಂಗಿನ ಮೇಲೆ. ಹಾಗಾಗಿ ಚೋಕು ಹೆಂಡತಿಯ ಪಾಲಿಗೆ ಬಂದಿತ್ತು.

ಅವಳು ನಾಗಪತಿಯನ್ನು ಕರೆದು ಹೇಳಿದಳು: “ಸ್ಟಾರ್ಟ್ ಮಾಡಕಾದ್ರೆ ಈ ಹಿಡಿ ಬಿಸಿ ಆಗ್ತು. ಒಂದ್ಸಲ ನೋಡಿ.”

ನಾಗಪತಿ ಮುಗುಳ್ನಕ್ಕ. ಇಂಜಿನ್ ಎಂದ ಮೇಲೆ ಅದರೊಳಗೆ ಬೆಂಕಿ, ಬೆಂಕಿಯಿದ್ದಲ್ಲಿ ಬಿಸಿ ಎಂದು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ. ಇಂಜಿನ್ ತಣ್ಣಗಿದ್ದಾಗಲೇ ತಾನೇ ಚೋಕು ಎಳೆಯುವುದು ಎಂದು ಅವಳು ಕೇಳಿದಳು. ಅದು ಅವನ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಹೆಗಡೆಯವರು ಎಂತ ರೋಗ ಎಂದು ಕೇಳಿದ್ದರು, ಅವನು ಉತ್ತರಕ್ಕೆ ಸಿದ್ಧನಾಗುತ್ತಿದ್ದ.

ರೋಗ ಕಟೌಟಿನದು ಎಂದು ನಾಗಪತಿ ಸಾರಿದ. ಡೈನಮೋ ಹುಟ್ಟಿಸುವ ಕರೆಂಟನ್ನು ಹದದಲ್ಲಿಟ್ಟು ಬ್ಯಾಟರಿಗೆ ಕಳಿಸುವ ಪುಟ್ಟ ಪೆಟ್ಟಿಗೆ ಅದು. ಮುಂಬಯಿಯಿಂದ ಹೊಸದು ತರಿಸಿದರು. ನಾಗಪತಿ ಅದನ್ನು ಕೂರಿಸಿ, ಬ್ಯಾಟರಿಯನ್ನೂ ತುಂಬಿಸಿ ಕೊಟ್ಟ. ಕಾರು ಒಂದೇ ಏಟಿಗೆ ಚಾಲೂ ಆಯಿತು. ಬಂದರಿನ ಬೀದಿಯಲ್ಲಿ ಆ ವಾರವೆಲ್ಲ ನಾಗಪತಿ ಕೋಟು ಬಿಚ್ಚಲೇ ಇಲ್ಲ.

ಕಾರು ಹಳದೀಪುರದ ಹತ್ತಿರ ಗದ್ದೆಯ ಬದಿಗೆ ಮತ್ತೆ ನಿಂತಿತು. ಭಟ್ಕಳ–ಕುಮಟೆ ಸರ್ವಿಸ್ ಬಸ್ಸಿನ ಡ್ರೈವರು ದೇವು ಅದನ್ನು ದಾಟಿ ಹೋಗುವಾಗ ಬಸ್ಸು ನಿಧಾನ ಮಾಡಿ, ಒಳಗಿದ್ದವರೆಲ್ಲ ಕಣ್ತುಂಬ ನೋಡಲು ಅವಕಾಶ ಕೊಟ್ಟ. ಅದಕ್ಕೂ ಮೊದಲು ಹೆಗಡೆಯವರು ದೂಳೆಬ್ಬಿಸಿಕೊಂಡು ಆ ಬಸ್ಸನ್ನು ಹಿಂದೆ ಹಾಕಿ ಬಂದಿದ್ದರು. ಇದು ದಿನಚರಿಯಾಯಿತು. ಕರ್ಕಿಯಲ್ಲಿ ಕಾರು ಬಸ್ಸನ್ನು ಹಿಂದೆ ಹಾಕುವುದು, ಹಳದೀಪುರದಲ್ಲಿ ಬಸ್ಸು ಕಾರನ್ನು ಹಿಂದೆ ಹಾಕುವುದು. ಬಸ್ಸಿನಲ್ಲಿ ಕೆಲವರು ಎಡಬದಿಯ ಸೀಟಿಗೆ ಜಗಳ ಮಾಡತೊಡಗಿದರು.

ನಾಗಪತಿಯ ಮೇಲೆ ನಂಬಿಕೆ ಅಲುಗಿ ಹೆಗಡೆಯವರು ಭಟ್ಕಳದ ಹಸನ್ ಬಾಪುವನ್ನು ಕರೆಸಿದರು. ಹಸನ್ ಬಾಪು ನವಾಯತ ಮುಸಲ್ಮಾನರವನು, ಕೊಲಂಬೊದ ಒಂದು ಗ್ಯಾರೇಜಿನಲ್ಲಿ ಬಹಳ ವರ್ಷ ಕೆಲಸ ಮಾಡಿ ಊರಿಗೆ ಬಂದವನು. ಅವನ ಪ್ರತಿಯೊಂದು ಮಾತೂ ಕೊಲಂಬೊದಿಂದಲೇ ಹೊರಟು ಭಟ್ಕಳಕ್ಕೆ ಬರುತ್ತಿತ್ತು. ಕೊಲಂಬೊದಲ್ಲಿ ಇಂಥ ಕಾರುಗಳನ್ನು ತಾನು ಕಣ್ಣು ಮುಚ್ಚಿ ಬಿಚ್ಚುತ್ತಿದ್ದೆ ಎಂದ. ಡೈನಮೋ ಬಿಚ್ಚಿ ಹೊಸದಾಗಿ ತಂತಿ ಸುತ್ತಿಸಿದ. ಕಾರು ಮತ್ತೆ ಕೆಲವು ದಿನ ಓಡಿತು. ಆಮೇಲೆ ಮುರುಡೇಶ್ವರದ ತಿರುವಿನಲ್ಲಿ ನಿಂತಿತು. ಕಣ್ಣು ಮುಚ್ಚಿ ಬಿಚ್ಚಿದರೆ ಹೀಗೇ ಆಗುವುದೆಂದು ಹೊನ್ನಾವರದಲ್ಲಿ ನಾಗಪತಿ ಹೇಳಿದ. ರೇಡಿಯೋದವನ ಕೈಗೆ ಕಾರು ಕೊಡುವುದೂ ಹಜಾಮನ ಕೈಗೆ ಹೆರಿಗೆ ಕೊಡುವುದೂ ಒಂದೇ ಎಂದು ಭಟ್ಕಳದಲ್ಲಿ ಹಸನ್ ಬಾಪು ಹೇಳಿದ. ಎರಡು ಮಾತನ್ನೂ ದೇವು ಬಸ್ಸಿನಲ್ಲಿ ಹೊತ್ತು, ಕೇಳಬೇಕಾದವರಿಗೆ ಬಾಡದೆ ತಲುಪಿಸಿದ.

ಅಲ್ಲಿಂದ ಮುಂದೆ ಮೂರು ತಾಲೂಕಿನಲ್ಲೂ ಕಾರಿನ ವೈದ್ಯರೇ ತುಂಬಿಹೋದರು. ಕಡಲಗಾಳಿಯ ಉಪ್ಪು ತಂತಿಯೊಳಗೆ ಹೊಕ್ಕಿದೆ ಎಂದು ಬಾಡ ಊರಿನ ಮೀನು ವ್ಯಾಪಾರಿ ಹೇಳಿದ. ಬ್ರಿಟಿಷರು ಹೋಗುವ ಸಿಟ್ಟಿಗೆ ತಂತಿಯನ್ನು ಬೇಕೆಂದೇ ತಪ್ಪಾಗಿ ಜೋಡಿಸಿದ್ದಾರೆಂದು ಕುಮಟೆಯ ಒಬ್ಬ ವಕೀಲರು ವಾದಿಸಿದರು. ಘಾಟಿಯ ಮೇಲಿನ ತಂಪು ಹವೆಯಲ್ಲಿ ಓಡಿಸಿ ನೋಡಿ ಎಂದು ಕತಗಾಲದ ಭಾವನೆಂಟರು ಸೂಚಿಸಿದರು. ಅವರಿಗೂ ಒಮ್ಮೆ ಅದರಲ್ಲಿ ಕೂರುವ ಆಸೆಯಿತ್ತು. ಬ್ಯಾಟರಿ ಬದಲಾಯಿತು. ಕಾಯಿಲ್ ಬದಲಾಯಿತು. ಸ್ಟಾರ್ಟರು ಹುಬ್ಬಳ್ಳಿಗೆ ಹೋಗಿ ಬಂತು. ಕಾರಿನಲ್ಲಿ ರಾಜಕುಮಾರನ ಕಾಲದ್ದೆಂದು ಉಳಿದದ್ದು ಕೆಟ್ಟುಹೋಗುವ ಚಾಳಿಯೊಂದೇ.

ಇಷ್ಟಾದರೂ ಹೆಗಡೆಯವರು ಬಡವಾಗಲಿಲ್ಲ, ಬದಲಿಗೆ ಮೈತುಂಬಿಕೊಂಡರು. ನಾಗಪತಿಗೆ ಇದು ಮೊದಲು ಸೋಜಿಗವಾಗಿ ಕಂಡಿತು, ನಿಧಾನಕ್ಕೆ ಅರ್ಥವಾಯಿತು. ಮೊದಲು ಮಂಡಿಗೆ ಬಂದವರು ಅಡಿಕೆಯ ದರ ಕೇಳುತ್ತಿದ್ದರು. ಈಗ ಕಾರಿನ ಆರೋಗ್ಯ ಕೇಳುತ್ತಿದ್ದರು. ದೊಡ್ಡ ಮನುಷ್ಯರಿಗೆ ಸಕ್ಕರೆ ಕಾಯಿಲೆ ಬಂದರೆ ಅದೂ ಒಂದು ಆಸ್ತಿಯಾಗುವ ಹಾಗೆ, ಹೆಗಡೆಯವರಿಗೆ ಕಾರಿನ ಬೇನೆ ಒಂದು ಪದವಿಯಾಯಿತು. ಸಾಮಾನ್ಯ ಕಾರಿಗೆ ಇಂಥ ರೋಗ ಬರುವುದೇ ಇಲ್ಲ, ಇದಕ್ಕೆ ಯೋಗ್ಯತೆ ಬೇಕು ಎಂದು ಅವರು ಹೇಳುವಾಗ ದನಿಯಲ್ಲಿ ವಿಷಾದಕ್ಕಿಂತ ಅಭಿಮಾನವೇ ಹೆಚ್ಚಿತ್ತು.

ಹಸನ್ ಬಾಪು ಸೋತಿದ್ದರಿಂದ ನಾಗಪತಿಗೆ ಮತ್ತೆ ಕರೆ ಬಂತು. ಈ ಸಲ ಅವನು ಮೀಟರು ಹಿಡಿದುಕೊಂಡು ಕುಮಟೆಯ ಅವರ ಮನೆಗೇ ಹೋದ. ಒಂದೊಂದೇ ತಂತಿಯನ್ನು ಮುಟ್ಟಿ ಮುಟ್ಟಿ ನೋಡಿದ. ಕಾರಿನಲ್ಲಿ ಕರೆಂಟು ಬ್ಯಾಟರಿಯಿಂದ ತಂತಿಯಲ್ಲಿ ಹೋಗುತ್ತದೆ. ಮರಳಿ ಬರುವುದು ಕಾರಿನ ಕಬ್ಬಿಣದ ಮೈಯ ಮೂಲಕ. ಇದಕ್ಕೆ ಅರ್ತು ಎನ್ನುತ್ತಾರೆ. ನಾಗಪತಿಗೆ ಇದು ಗೊತ್ತಿತ್ತು. ಮೀಟರಿನ ಒಂದು ಕಡ್ಡಿಯನ್ನು ಇಂಜಿನಿಗೂ ಇನ್ನೊಂದನ್ನು ಕಾರಿನ ಮೈಗೂ ಹಿಡಿದ. ಮುಳ್ಳು ಪೂರ್ತಿ ಆಚೆಗೆ ವಾಲಿತು. ಎಳ್ಳಷ್ಟೂ ಅಡ್ಡಿಯಿಲ್ಲ.

“ಅರ್ತು ಸೈ ಇದ್ದು ಹೆಗಡೇರೆ,” ಎಂದ. “ಬೇಕಾರೆ ನಾಳೆ ಕೋರ್ಟಿನಲ್ಲೂ ಹೇಳ್ತೆ. ಮೀಟರು ಸುಳ್ಳು ಹೇಳ್ತಿಲ್ಲೆ.”

ನರ್ಮದೆ ಚಾ ತಂದವಳು ಲೋಟ ಕೆಳಗಿಟ್ಟು, ತನ್ನ ಬಲಗೈಯ ಬೆರಳನ್ನು ಅವನ ಮುಂದೆ ಹಿಡಿದಳು. ತೋರುಬೆರಳಿನ ತುದಿಯಲ್ಲಿ ಬೊಕ್ಕೆಯೆದ್ದು ಒಡೆದ ಗುರುತಿತ್ತು.

“ಚೋಕಿನ ಹಿಡಿ,” ಎಂದಳು.

ನಾಗಪತಿಗೆ ಕನಿಕರವಾಯಿತು. ತೆಂಗಿನೆಣ್ಣೆ ಹಚ್ಚಲು ಹೇಳಿದ. ಆಮೇಲೆ ವಿಜ್ಞಾನದ ಮರ್ಯಾದೆ ಉಳಿಸುವುದಕ್ಕಾಗಿ ವಿವರಿಸಿದ: “ಅಕ್ಕಾ, ಅದು ಬರೀ ಎಳಿಯೋ ತಂತಿ. ಅದ್ರಲ್ಲಿ ಕರೆಂಟಿಲ್ಲೆ. ಅದು ಇಲೆಕ್ಟ್ರಿಕಲ್ ಅಲ್ಲ, ಮೆಕ್ಯಾನಿಕಲ್.”

“ಎಂತ ಕಲ್ಲಾದ್ರೂ ಸುಡ್ತು,” ಎಂದು ನರ್ಮದೆ ಒಳಗೆ ಹೋದಳು.

ಹೆಗಡೆಯವರು ನಕ್ಕರು. ನಾಗಪತಿಯೂ ನಕ್ಕ. ಚಾ ಕುಡಿದು, ಸ್ವಿಚ್ಚಿನ ಹಿಂದಿನ ತಂತಿಗಳನ್ನೆಲ್ಲ ಬದಲಿಸಬೇಕೆಂದು ಹೇಳಿ, ಬದಲಿಸಿ ಬಂದ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಭಟ್ಕಳದ ಕಡೆಯ ಒಂದು ಶಾಲೆಗೆ ವಿದ್ಯುದ್ದೀಪ ಬಂತು. ಸ್ವಿಚ್ಚು ಒತ್ತಿ ದೀಪ ಬೆಳಗಿಸುವುದಕ್ಕೆ ಶಾಲೆಯ ಕಮಿಟಿಯವರು ಶಾಂತಾರಾಮ ಹೆಗಡೆಯವರನ್ನು ಕರೆದರು. ಶಾಲೆಗೆ ಅವರು ಬೆಂಚು ಮಾಡಿಸಿಕೊಟ್ಟ ಋಣ ಅದಕ್ಕೆ ಕಾರಣ. ಮೂರು ತಾಲೂಕಿನಲ್ಲಿ ವಿದ್ಯುತ್ತಿನ ಕೈಯಲ್ಲಿ ಇಷ್ಟು ಪೆಟ್ಟು ತಿಂದವರು ಇನ್ನೊಬ್ಬರಿಲ್ಲವಾದ್ದರಿಂದ ಆಯ್ಕೆ ಸರಿಯಾಗಿದೆಯೆಂದು ಜನ ಮಾತಾಡಿಕೊಂಡರು. ಹೆಗಡೆಯವರು ಕಾರಿನಲ್ಲೇ ಹೋಗುವುದೆಂದು ಹಟ ಹಿಡಿದರು. ದಾರಿಯಲ್ಲಿ ಏನಾದರೂ ಆದರೆ ಇರಲೆಂದು ನಾಗಪತಿಯನ್ನು ಹೊನ್ನಾವರದಲ್ಲಿ ಹತ್ತಿಸಿಕೊಂಡರು. ಹಸನ್ ಬಾಪು ಹೊಳೆಯ ಆಚೆ ಕಾಸರಕೋಡಿನ ದಡದಲ್ಲಿ ಕಾಯಬೇಕೆಂದೂ ಹೇಳಿ ಕಳಿಸಿದ್ದರು. ಇಬ್ಬರು ವೈದ್ಯರಿರುವ ರೋಗಿಯ ಗತ್ತೇ ಬೇರೆ.

ಎರಡೇ ಸೀಟಿನ ಕಾರಾದ್ದರಿಂದ ನಾಗಪತಿಯನ್ನು ಸೀಟುಗಳ ಹಿಂದೆ ಮಡಚಿಟ್ಟ ಬಟ್ಟೆಯ ಮಾಡಿನ ಮೇಲೆ ಕೂರಿಸಿದರು. ಮಂಟಪದ ಗಣಪತಿಯ ಹಾಗೆ ಎತ್ತರದಲ್ಲಿ ಕೂತು, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಬಿಳಿಯ ಕೋಟಿನಲ್ಲಿ ಅವನು ಜಂಗಲು ಹತ್ತಿದ. ಹೊಳೆಯ ಮೇಲೆ ಗಾಳಿ ಹಿತವಾಗಿತ್ತು. ನರ್ಮದೆ ಜರಿಯ ಸೀರೆಯ ಸೆರಗನ್ನು ತಲೆಗೆ ಸುತ್ತಿಕೊಂಡು ನೀರು ನೋಡುತ್ತಿದ್ದಳು. ಹೆಗಡೆಯವರು ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದರು.

ಕಾಸರಕೋಡಿನ ದಡಕ್ಕೆ ಜಂಗಲು ತಾಗಿತು. ಹಲಗೆ ಹಾಸಿದರು. ಅಲ್ಲಿ ದೇವುವಿನ ಬಸ್ಸು ಹೊನ್ನಾವರದ ಕಡೆಗೆ ದಾಟಲು ಕಾಯುತ್ತಿತ್ತು. ಪ್ರಯಾಣಿಕರೆಲ್ಲ ಇಳಿದು ದಡದಲ್ಲಿ ನಿಂತಿದ್ದರು. ಅವರ ನಡುವೆ ಟೊಪ್ಪಿ ಹಾಕಿದ ಹಸನ್ ಬಾಪು. ಹೆಗಡೆಯವರು ಎಲ್ಲರತ್ತ ಒಮ್ಮೆ ನೋಡಿ, ಸ್ಟಾರ್ಟರು ಒತ್ತಿದರು. ಸ್ಟಾರ್ಟರು ಒಂದು ಸಲ ನರಳಿತು. ಅಷ್ಟೆ.

ಕಾರು ಇಳಿಯದೆ ಬಸ್ಸು ಹತ್ತುವಂತಿಲ್ಲ. ಬಸ್ಸು ಹತ್ತದೆ ಜಂಗಲು ಹೊರಡುವಂತಿಲ್ಲ. ದೂಡಿ ಇಳಿಸೋಣವೆಂದರೆ ಇಳಿತದ ಹೊತ್ತು. ನೀರು ತಗ್ಗಿ ಹಲಗೆ ಏಣಿಯ ಹಾಗೆ ಏರಾಗಿತ್ತು. ಹಸನ್ ಬಾಪು ಜಂಗಲಿಗೆ ಬಂದು ಬಾನೆಟ್ಟು ಎತ್ತಿದ. ಸ್ವಿಚ್ಚಿನ ತಂತಿ ಹಾಳು ಮಾಡಿದವರು ಯಾರು ಎಂದು ಕೇಳಿದ. ಡೈನಮೋ ಹಾಳು ಮಾಡಿದವರೇ ಇರಬೇಕೆಂದು ನಾಗಪತಿ ಮೇಲಿನಿಂದಲೇ ಉತ್ತರ ಕೊಟ್ಟ. ಕೊಲಂಬೊವೂ ಮುಂಬಯಿಯೂ ಶರಾವತಿಯ ಮೇಲೆ ಹೀಗೆ ಸ್ವಲ್ಪ ಹೊತ್ತು ಕಾದಾಡಿದವು. ದಡದಲ್ಲಿ ಜನ ಕೂತುಕೊಳ್ಳಲು ಜಾಗ ನೋಡಿಕೊಂಡರು.

ಹೆಗಡೆಯವರ ಮುಖ ಕಾರಿನ ಬಣ್ಣಕ್ಕೆ ತಿರುಗಿತು. ಚೋಕು ಎಳೆ ಎಂದು ಹೆಂಡತಿಗೆ ಗದರಿದರು.

ನರ್ಮದೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. “ಆನು ಇನ್ನು ಮುಟ್ತ್ನಿಲ್ಲೆ,” ಎಂದಳು. “ಬೇಕಾದವು ಮುಟ್ಲಿ.”

ಅಷ್ಟು ಜನರ ಮುಂದೆ ಹೆಂಡತಿಯೊಡನೆ ವಾದಕ್ಕಿಳಿಯುವಂತಿರಲಿಲ್ಲ. ಹೆಗಡೆಯವರು ನಾಗಪತಿಯತ್ತ ನೋಡಿದರು. ನಾಗಪತಿ ಹಿಂದಿನಿಂದ ಅವರಿಬ್ಬರ ನಡುವೆ ಬಾಗಿ, ಕೈ ಚಾಚಿ, ಚೋಕಿನ ಹಿಡಿಯನ್ನು ಅದರ ಲೋಹದ ಕತ್ತಿನಲ್ಲಿ ಭದ್ರವಾಗಿ ಹಿಡಿದು ಎಳೆದ. ಹೆಗಡೆಯವರು ಸಿಟ್ಟಿನಿಂದ ಸ್ಟಾರ್ಟರನ್ನು ಒತ್ತಿ ಹಿಡಿದೇ ಹಿಡಿದರು.

ನಾಗಪತಿ ಅಬ್ಬೆಯನ್ನು ಕರೆದ ಕೂಗು ಹೊಳೆಯ ಆಚೆಗೂ ಕೇಳಿತೆಂದು ಆಮೇಲೆ ಹೇಳಿದವರಿದ್ದಾರೆ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಎರಡು ಬೆರಳಿನ ಚರ್ಮ ಬೆಳ್ಳಗಾಗಿತ್ತು. ಡ್ಯಾಶ್‌ಬೋರ್ಡಿನ ಹಿಂದಿನಿಂದ ಸಣ್ಣ ಹೊಗೆ ಬಂತು. ತಣ್ಣಗಿನ ಕಾರಿನಲ್ಲಿ, ಕರೆಂಟೇ ಇಲ್ಲದ ತಂತಿ, ಬೆಂಕಿಗೆ ಹಿಡಿದ ಸೌಟಿನ ಹಾಗೆ ಕಾದಿತ್ತು.

ಬೆರಳು ಬಾಯಲ್ಲಿಟ್ಟುಕೊಂಡು ಕೂತ ಆ ಗಳಿಗೆಯಲ್ಲಿ ನಾಗಪತಿಯ ತಲೆಯೊಳಗೆ ಎಲ್ಲವೂ ತಿರುಗಿ ಬಿತ್ತು. ಇಂಜಿನ್ ಕೂತಿರುವುದು ರಬ್ಬರಿನ ಗಟ್ಟಿಗಳ ಮೇಲೆ. ರಬ್ಬರಿನಲ್ಲಿ ಕರೆಂಟು ಹಾಯುವುದಿಲ್ಲ. ಹಾಗಾದರೆ ಇಂಜಿನಿಗೆ ಹೋದ ಕರೆಂಟು ಕಾರಿನ ಮೈಗೆ ಮರಳುವ ದಾರಿ ಯಾವುದು? ಬೇರೆ ದಾರಿಯಿಲ್ಲದೆ, ಇಂಜಿನಿನಿಂದ ಡ್ಯಾಶ್‌ಬೋರ್ಡಿಗೆ ಬರುವ ಈ ಬಡ ಚೋಕಿನ ತಂತಿಯ ಮೂಲಕ ನುಗ್ಗುತ್ತಿದೆ. ಮೀಟರು ಕೇಳಿದ್ದು ದಾರಿ ಇದೆಯೇ ಎಂದು ಮಾತ್ರ. ಇದೆ ಎಂದು ತಂತಿ ಹೇಳಿತ್ತು, ಸುಳ್ಳೇನಲ್ಲ. ಒಬ್ಬ ಮನುಷ್ಯ ದಾಟುವ ಕಾಲುಸಂಕದ ಮೇಲೆ ಜಾತ್ರೆಯ ಜನ ನುಗ್ಗಿದರೆ ಏನಾಗುತ್ತದೆಂದು ಮೀಟರಿಗೆ ಯಾರೂ ಕೇಳಿರಲಿಲ್ಲ. ಕಾರು ಕುಳಿಗೆ ಬಿದ್ದು ಈ ತಂತಿಯೂ ಅಲುಗಿದರೆ ಇಂಜಿನ್ ಸಾಯದೆ ಏನು ಮಾಡೀತು?

ಅವನು ಕೆಳಗಿಳಿದು ಹಸನ್ ಬಾಪುವಿನ ಕಿವಿಯಲ್ಲಿ ಎರಡು ಮಾತು ಹೇಳಿದ. ಹಸನ್ ಬಾಪು ಮೊದಲ ಸಲ ಕೊಲಂಬೊದ ಮಾತೆತ್ತದೆ ತಲೆಯಾಡಿಸಿದ. ಇಬ್ಬರೂ ಹಲಗೆಯ ಮೇಲೆ ಮಲಗಿ ಕಾರಿನ ಕೆಳಗೆ ತಲೆ ಹಾಕಿದರು. ಇಂಜಿನಿನ ಬದಿಯಲ್ಲಿ ಒಂದು ಬೋಲ್ಟು, ಎದುರಿಗೆ ಕಾರಿನ ಮೈಯಲ್ಲಿ ಇನ್ನೊಂದು. ಎರಡರ ನಡುವೆ ಏನೂ ಇಲ್ಲ. ಎರಡರ ಮೇಲೂ ಬೆಳಗಾವಿಯ ಹೊಸ ಬಣ್ಣ.

“ಹೆಗ್ಡೇರೆ, ಇಲ್ಲೊಂದು ತಾಮ್ರದ ಪಟ್ಟಿ ಇರ್ಬೇಕಲ್ಲ,” ಎಂದು ಹಸನ್ ಬಾಪು ಕೆಳಗಿನಿಂದ ಕೇಳಿದ. “ಜಡೆ ಹೆಣೆದ ಹಾಗೆ ಇರ್ತದೆ. ಎಲ್ಲಿ ಹೋಯ್ತು?”

“ಅದಾ?” ಎಂದರು ಹೆಗಡೆಯವರು. ಜನರೆಲ್ಲ ಕೇಳುವಷ್ಟು ಗಟ್ಟಿಯಾಗಿ, ಯಾವ ಅಳುಕೂ ಇಲ್ಲದೆ ಹೇಳಿದರು: “ಅದು ಮಸಿ ಹಿಡ್ದು ಜೋಲಾಡ್ತಾ ಇತ್ತು. ಬಾನೆಟ್ಟು ಎತ್ತಿರೆ ಅಸಹ್ಯ ಕಾಣ್ತಿತ್ತು. ಬಣ್ಣ ಹೊಡೆಸಕಾದ್ರೆ ನಾನೇ ತೆಗೆಸಿ ಬಿಸಾಡ್ಸಿದೆ.”

ಹೇಳಿ ಮುಗಿಸಿದ ಮೇಲೆ ಮಾತಿನ ತೂಕ ಅವರಿಗೇ ತಟ್ಟಿತು. ದಡದಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಒಟ್ಟಿಗೆ ಕೆಮ್ಮತೊಡಗಿದರು. ಕೆಮ್ಮದವಳು ನರ್ಮದೆಯೊಬ್ಬಳೇ. ಅವಳು ಕಾರಿನಿಂದಿಳಿದು, ಹಲಗೆ ಹತ್ತಿ, ದಡದ ಮೇಲಿನ ಗೂಡಂಗಡಿಯಲ್ಲಿ ಒಂದು ಸೋಡಾ ಕೇಳಿದಳು.

ದೇವು ಬಸ್ಸಿನ ಸಾಮಾನಿನ ಪೆಟ್ಟಿಗೆಯಿಂದ ಬ್ಯಾಟರಿಗೆ ಹಾಕುವ ದಪ್ಪ ತಂತಿಯ ತುಂಡೊಂದನ್ನು ತಂದುಕೊಟ್ಟ. ಹಸನ್ ಬಾಪು ಬಣ್ಣ ಕೆರೆದ, ನಾಗಪತಿ ಸುಟ್ಟ ಬೆರಳನ್ನು ಎತ್ತಿ ಹಿಡಿದುಕೊಂಡು ಉಳಿದ ಬೆರಳುಗಳಿಂದ ಬೋಲ್ಟು ಬಿಗಿದ. ಹೆಗಡೆಯವರು ಸ್ಟಾರ್ಟರು ಮುಟ್ಟಿದರೋ ಇಲ್ಲವೋ, ಕಾರು ಹುಲಿಯ ಹಾಗೆ ಗರ್ಜಿಸಿತು. ಚೋಕಿನ ಹಿಡಿ ತಣ್ಣಗಿತ್ತು. ರಾಜಕುಮಾರ ಮಾರಿದ ಮೇಲೆ ಅದು ಹಾಗೆ ಗರ್ಜಿಸಿದ್ದು ಅದೇ ಮೊದಲಿರಬೇಕು. ಹಲಗೆಯನ್ನು ಒಂದೇ ನೆಗೆತಕ್ಕೆ ಹತ್ತಿ ಅದು ದಡ ಸೇರಿದ ರೀತಿಗೆ ಕೆಮ್ಮುತ್ತಿದ್ದವರು ಸಹ ದಾರಿ ಬಿಟ್ಟರು.

ಶಾಲೆಯಲ್ಲಿ ಸಮಾರಂಭ ಚೆನ್ನಾಗಿಯೇ ಆಯಿತು. ಹೆಗಡೆಯವರು ಸ್ವಿಚ್ಚು ಒತ್ತಿದರು, ದೀಪ ಹತ್ತಿತು, ಮಕ್ಕಳು ಚಪ್ಪಾಳೆ ಹೊಡೆದರು. ಅನಂತರ ಭಾಷಣ. ಬಾಯಿಪಾಠ ಮಾಡಿದ್ದನ್ನು ಬಿಟ್ಟು ಹೆಗಡೆಯವರು ವಿದ್ಯುತ್ತಿನ ಸ್ವಭಾವದ ಬಗ್ಗೆ ಮಾತಾಡಿದರು. ಕರೆಂಟು ಹೊರಟರೆ ಸಾಲದು, ಮನೆಗೆ ಮರಳುವ ದಾರಿಯೂ ಇರಬೇಕು. ಮನುಷ್ಯನ ಬಾಳೂ ಹಾಗೆಯೇ ಎಂದರು. ಈ ಸತ್ಯವನ್ನು ತಾವು ಪುಸ್ತಕದಿಂದಲ್ಲ, ತಮ್ಮ ಸ್ವಂತ ಕಾರಿನ ಮೇಲೆ ಬಹುಕಾಲ ಪ್ರಯೋಗ ನಡೆಸಿ ಕಂಡುಕೊಂಡದ್ದು ಎಂದರು. ದೊಡ್ಡ ದೊಡ್ಡ ಪರಿಣತರು ಸೋತ ಜಾಗದಲ್ಲಿ ಸಾಮಾನ್ಯ ವಿವೇಕ ಗೆದ್ದಿತು ಎಂದಾಗ ಮುಂದಿನ ಸಾಲಿನಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತ ನಾಗಪತಿ ಮೇಲೇಳಹೋದ. ಪಕ್ಕದಲ್ಲಿದ್ದ ಹಸನ್ ಬಾಪು ಅವನ ಕೋಟು ಹಿಡಿದು ಕೂರಿಸಿದ. ಹೆಂಗಸರ ಸಾಲಿನಲ್ಲಿ ನರ್ಮದೆ ಮಾಡಿನ ಹೊಸ ಬಲ್ಬನ್ನು ನೋಡುತ್ತಿದ್ದಳು.

ನಾಗಪತಿಗೆ ಬಂದ ಸಿಟ್ಟು ಹೊನ್ನಾವರ ತಲುಪುವಷ್ಟರಲ್ಲಿ ಒಂದು ಕಥೆಯಾಗಿ ಹದಗೊಂಡಿತ್ತು. ಮರುದಿನದಿಂದ ಅಂಗಡಿಗೆ ಬಂದವರಿಗೆ ಅವನು ಮೀಟರನ್ನು ತೋರಿಸಿ, ಅದರಿಂದಲೇ ಕಾರಿನ ರೋಗ ಹಿಡಿದದ್ದು ಹೇಗೆಂದು ವಿವರಿಸತೊಡಗಿದ. ಬೆರಳಿನ ಗಾಯವನ್ನು ಪ್ರಯೋಗಶಾಲೆಯ ಅಪಘಾತವೆಂದ. ಭಟ್ಕಳದಲ್ಲಿ ಹಸನ್ ಬಾಪುವೂ ಸುಮ್ಮನಿರಲಿಲ್ಲ. ಅವನ ಕಥೆಯಲ್ಲಿ ಕೊಲಂಬೊದ ಒಬ್ಬ ಇಂಗ್ಲಿಷ್ ದೊರೆಯ ಕಾರಿಗೂ ಇದೇ ರೋಗ ಬಂದಿತ್ತು, ಹಸನ್ ಬಾಪು ಕಾರಿನ ಕೆಳಗೆ ತಲೆ ಹಾಕಿದ ಕೂಡಲೇ ಅದನ್ನು ಹಿಡಿದಿದ್ದ.

ಕಾರು ಅನಂತರ ಕೆಡಲಿಲ್ಲ. ಅದೇ ತೊಂದರೆಯಾಯಿತು. ಮಂಡಿಗೆ ಬಂದವರು ಮತ್ತೆ ಅಡಿಕೆಯ ದರ ಕೇಳತೊಡಗಿದರು. ಹಳದೀಪುರದ ಗದ್ದೆಯ ಬದಿಯಲ್ಲಿ ಈಗ ಕಾಣಲು ಏನೂ ಇರಲಿಲ್ಲವಾದ್ದರಿಂದ ಬಸ್ಸಿನಲ್ಲಿ ಎಡಬದಿಯ ಸೀಟಿಗೆ ಜಗಳವೂ ನಿಂತಿತು. ಬೇನೆಯಿಲ್ಲದ ಕಾರನ್ನು ಇಟ್ಟುಕೊಂಡು ಏನು ಮಾಡುವುದೆಂದು ಹೆಗಡೆಯವರಿಗೆ ತಿಳಿಯಲಿಲ್ಲ. ಬೇಸಗೆ ಮುಗಿಯುವ ಮೊದಲೇ ಅದನ್ನು ಹುಬ್ಬಳ್ಳಿಯ ಯಾರಿಗೋ ಮಾರಿ, ಎಲ್ಲರ ಹಾಗೆ ಕಪ್ಪಗಿನ, ನಾಲ್ಕು ಬಾಗಿಲಿನ ಕಾರು ತಂದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ಹೆಗಡೆಯವರ ಮನೆಯ ರೇಡಿಯೋ ಕೆಟ್ಟಿದೆಯೆಂದು ನಾಗಪತಿಗೆ ಕರೆ ಬಂತು. ಹೆಗಡೆಯವರು ಸಿರಸಿಗೆ ಹೋಗಿದ್ದರು. ನಾಗಪತಿ ಜಗಲಿಯಲ್ಲಿ ಕೂತು ರೇಡಿಯೋದ ಹಿಂಬದಿ ಬಿಚ್ಚಿದ. ನರ್ಮದೆ ಚಾ ತಂದು ಇಟ್ಟಳು. ಅವನ ಬೆರಳಿನ ಕಲೆಯನ್ನು ನೋಡಿ, ಮಾಸಲಿಲ್ಲವೇ ಎಂದು ಕೇಳಿದಳು. ನಾಗಪತಿ ಸ್ಕ್ರೂಡ್ರೈವರು ಕೆಳಗಿಟ್ಟ. ಅಂದು ಅವಳ ಮಾತು ಕೇಳಿದ್ದರೆ ಅಷ್ಟೊಂದು ತಿರುಗಾಟ ತಪ್ಪುತ್ತಿತ್ತು ಎಂದು ಹೇಗೋ ಹೊರಗೆ ಹಾಕಿದ.

ನರ್ಮದೆಗೆ ಸಿಟ್ಟೇನೂ ಇದ್ದಂತಿರಲಿಲ್ಲ. “ನಿಂಗಳ ಕೈ ಸುಟ್ಟಿದ್ದು ಒಳ್ಳೇದೇ ಆತು,” ಎಂದಳು. “ಯನ್ನ ಕೈ ಸುಟ್ಟಾಗ ಅದು ತೆಂಗಿನೆಣ್ಣೆ ಹಚ್ಚೋ ಗಾಯ. ನಿಂಗಳ ಕೈ ಸುಟ್ಟಾಗ ಅದೇ ವಿಜ್ಞಾನ ಆತು.”

ಅವನು ಚಾ ಕುಡಿದ. ರೇಡಿಯೋದ ವಾಲ್ವು ಬದಲಿಸಿ ಹಾಡು ಬರಿಸಿ ಕೊಟ್ಟು ಬಸ್‌ಸ್ಟ್ಯಾಂಡಿಗೆ ಬಂದ.

ಸಂಜೆಯ ಬಸ್ಸು ದೇವುವಿನದು. ನಾಗಪತಿ ಡ್ರೈವರನ ಹಿಂದಿನ ಸೀಟಿನಲ್ಲೇ ಕೂತ. ದೇವು ಯಾರೋ ಹೊಸಬರಿಗೆ ಕೆಂಪು ಕಾರಿನ ಕಥೆ ಹೇಳುತ್ತಿದ್ದ. ಅವನ ಕಥೆಯಲ್ಲಿ ರೋಗ ಗುಣವಾದದ್ದು ಅವನ ಬಸ್ಸಿನ ತಂತಿಯಿಂದ. ಇಬ್ಬರು ಪಂಡಿತರು ಹಲಗೆಯ ಮೇಲೆ ಅಂಗಾತ ಬಿದ್ದು ನರಳುತ್ತಿದ್ದಾಗ ಅವನೇ ತಂದು ಕೊಟ್ಟನಂತೆ. ಪಂಡಿತರಲ್ಲೊಬ್ಬ ತನ್ನ ಬೆನ್ನ ಹಿಂದೆಯೇ ಕೂತಿರುವುದನ್ನು ಕನ್ನಡಿಯಲ್ಲಿ ಕಂಡರೂ ಅವನು ದನಿ ತಗ್ಗಿಸಲಿಲ್ಲ.

ನಾಗಪತಿಗೆ ಏನನ್ನಿಸಿತೋ, ಕಂಬಿ ಹಿಡಿದು ಎದ್ದು ನಿಂತ. “ದೇವು, ಸುಳ್ಳು ಹೇಳಬೇಡ,” ಎಂದ. “ಕಂಡುಹಿಡ್ದದ್ದು ನೀನೂ ಅಲ್ಲ, ನಾನೂ ಅಲ್ಲ. ನರ್ಮದಕ್ಕ. ಮೊದಲ ದಿನವೇ ಅವ್ರು ಹೇಳಿದ್ರು. ಕೇಳಿದವರಿಲ್ಲ.”

ಬಸ್ಸಿನಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಆಮೇಲೆ ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು, ಕೊನೆಗೆ ಕಂಡಕ್ಟರನೂ ಕೈಚೀಲ ಹಿಡಿದುಕೊಂಡು ನಕ್ಕ. ಹೆಗಡೆಯವರ ಮನೆಯಲ್ಲಿ ಇಂದು ಚಾ ಚೆನ್ನಾಗಿ ಸಿಕ್ಕಿರಬೇಕೆಂದು ಹಿಂದಿನಿಂದ ಒಬ್ಬರು ಹೇಳಿದರು.

“ಭಟ್ರದ್ದು ಯಾವಾಗ್ಲೂ ತಮಾಷಿ,” ಎಂದು ದೇವು ಗೇರು ಬದಲಿಸಿದ.

ನಾಗಪತಿ ಇನ್ನೊಮ್ಮೆ ಹೇಳಬಹುದಿತ್ತು. ಬಾಯಿ ತೆರೆದ, ಆಚೀಚೆ ನೋಡಿದ, ಕೂತ. ನಿಜ ಹೇಳಿದ ಪುಣ್ಯ ಬಂದಿತ್ತು, ಯಾರೂ ನಂಬದ್ದರಿಂದ ಚಿಕಿತ್ಸಾಲಯದ ಹೆಸರೂ ಉಳಿದಿತ್ತು. ಒಂದು ದಿನಕ್ಕೆ ಇಷ್ಟು ಧೈರ್ಯ ಸಾಕೆಂದು ಅವನಿಗೆ ಅನ್ನಿಸಿತು. ಬಸ್ಸು ಹಳದೀಪುರ ದಾಟಿ ಹೊನ್ನಾವರದ ಕಡೆಗೆ ಓಡಿತು.